ನಿತ್ಯಪುಷ್ಪ ಬಾಡುತ್ತಿದೆಯೇ? ನೀರು ಹಾಕುವ ಮೊದಲು ಬುಡ ನೋಡಿ

ಗೋಡೆಯ ಬಿರುಕಿನಲ್ಲಿ, ಜಲ್ಲಿ ಗುಡ್ಡೆಯ ಮೇಲೆ, ರಸ್ತೆ ಅಂಚಿನ ಮರಳಿನಲ್ಲಿ ನಿತ್ಯಪುಷ್ಪ ತಾನೇ ಹುಟ್ಟಿ, ಯಾರೂ ನೋಡದಿದ್ದರೂ ಹೂ ಬಿಡುತ್ತಿರುತ್ತದೆ. ಅದೇ ಗಿಡವನ್ನು ಚೆಂದದ ಕುಂಡಕ್ಕೆ ತಂದು, ಗೊಬ್ಬರ ಹಾಕಿ, ದಿನಾ ನೀರು ಕೊಟ್ಟರೆ ಒಂದು ಬೆಳಗ್ಗೆ ತಲೆ ಬಗ್ಗಿಸಿ ನಿಂತಿರುತ್ತದೆ. ಪಾಪ, ಬಾಯಾರಿದೆ ಅಂತ ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಈ ಗಿಡ ಕೆಡುವುದು ಹೆಚ್ಚಾಗಿ ಉಪವಾಸದಿಂದಲ್ಲ, ಉಪಚಾರದಿಂದ. ಹಾಗಾಗಿ ತೊಂದರೆ ಹುಡುಕುವಾಗ ಎಲೆಯಿಂದ ಶುರು ಮಾಡಬೇಡಿ. ಮೊದಲು ಮಣ್ಣು, ಆಮೇಲೆ ಬುಡ, ಆಮೇಲೆ ಬೇರು, ಕೊನೆಗೆ ಎಲೆ ಮತ್ತು ಹೂವು. ಎಲೆ ಹಳದಿಯಾಗಲು ಹತ್ತು ಕಾರಣ ಇರಬಹುದು. ಬುಡ ಮಾತ್ರ ಅಷ್ಟು ಸುಲಭಕ್ಕೆ ದಾರಿ ತಪ್ಪಿಸುವುದಿಲ್ಲ.

ಗಿಡದ ಸ್ವಭಾವ

ನಿತ್ಯಪುಷ್ಪ, ಸದಾಪುಷ್ಪ, ಕಾಶಿಕಣಗಿಲೆ ಎಂದೆಲ್ಲ ಕರೆಸಿಕೊಳ್ಳುವ ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯಾಥರಾಂಥಸ್ ರೋಸಿಯಸ್. ಕಣಗಿಲೆಯ ಕುಟುಂಬದ್ದು. ಎತ್ತರ ಸಾಮಾನ್ಯವಾಗಿ 30 ಸೆಂಟಿಮೀಟರಿನಿಂದ ಒಂದು ಮೀಟರ್. ಹೊಳೆಯುವ ಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ, ನಡುವಿನ ನರ ಮಾತ್ರ ತಿಳಿ ಬಣ್ಣ. ಐದು ಎಸಳಿನ ಹೂವು ಗುಲಾಬಿ, ಬಿಳಿ, ಅಥವಾ ನಡುವೆ ಕೆಂಪು ಕಣ್ಣಿರುವ ಬಿಳಿ.

ಇದರ ತವರು ಮಡಗಾಸ್ಕರ್ ದ್ವೀಪ. ಅಲ್ಲಿಂದ ಹೊರಟು ಈಗ ಬಿಸಿ ನಾಡುಗಳಲ್ಲೆಲ್ಲ ಬೇರೂರಿದೆ. ತಾನಾಗಿ ಎಲ್ಲಿ ಬೆಳೆಯುತ್ತದೆ ಎಂದು ಗಮನಿಸಿದರೆ ಅದಕ್ಕೆ ಏನು ಬೇಕು ಅಂತ ಗೊತ್ತಾಗುತ್ತದೆ. ಕಡಲಂಚಿನ ಮರಳು, ಕಲ್ಲುಮಣ್ಣು, ಪಾಳು ಜಾಗ. ಅಂದರೆ ಬಿಸಿಲು ಜೋರಾಗಿರಬೇಕು, ಸುರಿದ ನೀರು ನಿಲ್ಲದೆ ಇಳಿದು ಹೋಗಬೇಕು. ಮಣ್ಣು ಬಡವಾಗಿದ್ದರೂ ಅಡ್ಡಿಯಿಲ್ಲ. ತಂಪು ಮತ್ತು ತೇವ ಒಟ್ಟಿಗೆ ಬಂದರೆ ಮಾತ್ರ ಇದಕ್ಕೆ ತಡೆಯುವುದಿಲ್ಲ.

ತೊಂದರೆ: ಗಿಡ ಬಾಡಿದೆ

ಅತಿ ಹೆಚ್ಚು ಕಾಣುವ ದೂರು ಇದು. ಎಲ್ಲರೂ ಎಡವುವುದೂ ಇಲ್ಲೇ. ಬಾಡುವಿಕೆಯಲ್ಲಿ ಮೂರು ನಾಲ್ಕು ಬಗೆ ಇದೆ, ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ.

ನಡುಹಗಲಲ್ಲಿ ಎಲೆಗಳ ಅಂಚು ಮೇಲಕ್ಕೆ ಮಡಚಿಕೊಂಡಿವೆ, ಮಣ್ಣಿಗೆ ಬೆರಳು ಚುಚ್ಚಿದರೆ ಎರಡು ಗೆಣ್ಣಿನ ಆಳಕ್ಕೂ ಒಣಗಿದೆ, ಕಾಂಡ ಗಟ್ಟಿಯಾಗಿದೆ. ಇದು ನಿಜವಾದ ಬಾಯಾರಿಕೆ. ಬುಡಕ್ಕೆ ನೀರು ಕೊಡಿ, ಕುಂಡದ ಕೆಳಗಿನ ತೂತಿನಿಂದ ಹೊರಬರುವವರೆಗೆ. ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಏಳಲಿಲ್ಲ ಅಂದರೆ ನಿಮ್ಮ ಅಂದಾಜು ತಪ್ಪಿದೆ, ಮುಂದೆ ಓದಿ.

ಮಧ್ಯಾಹ್ನ ಮಾತ್ರ ಸೊರಗುತ್ತದೆ, ಮಣ್ಣು ಸ್ವಲ್ಪ ಹಸಿಯಾಗಿಯೇ ಇದೆ, ಸಂಜೆ ಹೊತ್ತಿಗೆ ತಾನೇ ಸರಿಹೋಗುತ್ತದೆ. ಇದು ಕಾಯಿಲೆಯೇ ಅಲ್ಲ. ಬಿಸಿಲಿಗೆ ಎಲೆಯಿಂದ ಹೋಗುವಷ್ಟು ನೀರನ್ನು ಬೇರು ಆ ಹೊತ್ತಿನಲ್ಲಿ ಎಳೆದು ಕೊಡಲಾಗುತ್ತಿಲ್ಲ, ಅಷ್ಟೆ. ಸುಮ್ನೆ ಬಿಡಿ. ದಿನಾ ಹೀಗೇ ಆಗುತ್ತಿದ್ದರೆ ಕುಂಡ ಚಿಕ್ಕದಾಗಿರಬಹುದು. ಬೇರು ಕುಂಡದ ಗೋಡೆಗೆ ಸುತ್ತಿಕೊಂಡಿದೆಯೇ ಎಂದು ನೋಡಿ.

ಬೆಳಗ್ಗೆ ತಂಪಿನಲ್ಲೂ ಬಾಡಿಯೇ ಇದೆ, ಮಣ್ಣು ಮಾತ್ರ ತೊಪ್ಪೆಯಾಗಿದೆ. ಇದೇ ಅಪಾಯದ್ದು. ಒದ್ದೆ ಮಣ್ಣಿನಲ್ಲಿ ಗಿಡ ಬಾಡಿದೆ ಎಂದರೆ ಬೇರು ಕೆಲಸ ನಿಲ್ಲಿಸಿದೆ ಅಂತಲೇ ಅರ್ಥ. ಕುಂಡವನ್ನು ಓರೆ ಮಾಡಿ ಗಿಡವನ್ನು ಮಣ್ಣಿನ ಸಮೇತ ಹೊರಗೆಳೆಯಿರಿ. ಸಂಕೋಚ ಬೇಡ, ಈ ಹಂತದಲ್ಲಿ ಕಳೆದುಕೊಳ್ಳಲು ಜಾಸ್ತಿ ಏನೂ ಉಳಿದಿಲ್ಲ. ಒಂದು ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಆರೋಗ್ಯವಾದ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ, ಎಳೆದರೆ ಪಟ್ಟನೆ ತುಂಡಾಗುತ್ತದೆ. ಕೊಳೆತ ಬೇರಿನ ಹೊರಸಿಪ್ಪೆ ಕಂದು ಲೋಳೆಯಾಗಿ ಬೆರಳಿಗೆ ಬರುತ್ತದೆ, ಒಳಗಿನ ನಾರು ತೆಳ್ಳಗಿನ ದಾರದ ಹಾಗೆ ಗಿಡದಲ್ಲೇ ಉಳಿಯುತ್ತದೆ. ಹೀಗಾದರೆ ಅನುಮಾನವೇ ಬೇಡ, ಬೇರುಕೊಳೆ. ಪಿಥಿಯಂ, ಫೈಟಾಫ್ತೊರಾ, ರೈಜೊಕ್ಟೋನಿಯಾ ಎಂಬ ಸೂಕ್ಷ್ಮಜೀವಿಗಳಲ್ಲಿ ಯಾವುದಾದರೂ ಒಂದು ಒಳಗೆ ಸೇರಿರುತ್ತದೆ. ಬೇರಿನಲ್ಲಿ ಅಲ್ಲಲ್ಲಿ ಕಪ್ಪು ಪಟ್ಟೆ ಇದ್ದು, ಗಿಡ ಒಮ್ಮೆಲೇ ಬೀಳದೆ ಕುಂಟುತ್ತಾ ಕುಗ್ಗುತ್ತಿದ್ದರೆ ಅದು ಕಪ್ಪು ಬೇರುಕೊಳೆ ಇರಬಹುದು. ಅದಕ್ಕೆ ತಣ್ಣನೆಯ ಮಣ್ಣು, ಸುಣ್ಣದ ಅಂಶ ಎರಡೂ ಇಷ್ಟ.

ಇಡೀ ಗಿಡ ಚೆನ್ನಾಗಿದೆ, ಒಂದೆರಡು ಕೊಂಬೆ ಮಾತ್ರ ತುದಿಯಿಂದ ಜೋತು ಬಿದ್ದಿವೆ. ಆ ಕೊಂಬೆಯನ್ನು ತುದಿಯಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಎಲ್ಲೋ ಒಂದು ಕಡೆ ಕಾಂಡ ನೀರಲ್ಲಿ ನೆನೆದಂತೆ ಮೆತ್ತಗಾಗಿ, ಕಡುಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಫೈಟಾಫ್ತೊರಾ ಈ ಸಲ ಬೇರಿನಿಂದಲ್ಲ, ಮೇಲಿಂದ ಬಂದಿದೆ. ಮಳೆ ಹನಿ ನೆಲಕ್ಕೆ ಬಡಿದು ಮಣ್ಣು ಸಿಡಿದಾಗ ಅದರ ಜೊತೆ ರೋಗವೂ ಕಾಂಡಕ್ಕೆ ಹತ್ತುತ್ತದೆ. ಮೇಲಿನಿಂದ ಪೈಪ್ ಹಿಡಿದು ನೀರು ಹಾಯಿಸಿದರೂ ಆಗುವುದು ಇದೇ.

ಈಗ ಪರಿಹಾರ. ಕೊಂಬೆಗೆ ಮಾತ್ರ ಬಂದಿದ್ದರೆ ಕಪ್ಪಾದ ಜಾಗಕ್ಕಿಂತ ಸಾಕಷ್ಟು ಕೆಳಗೆ, ಹಸಿರು ಕಾಂಡದಲ್ಲಿ ಕತ್ತರಿಸಿ ತೆಗೆಯಿರಿ. ಪ್ರತಿ ಸಲ ಕತ್ತರಿಸಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಅರ್ಧಕ್ಕಿಂತ ಹೆಚ್ಚು ಬೇರು ಕೊಳೆತಿದ್ದರೆ ಆ ಗಿಡವನ್ನು ಉಳಿಸಲು ಹೋಗದಿರುವುದು ಒಳ್ಳೆಯದು. ಇನ್ನೂ ಹಸಿರಾಗಿರುವ ತುದಿಯಿಂದ ಬೆರಳುದ್ದದ ಕಡ್ಡಿ ತೆಗೆದು, ಹೂ ಮೊಗ್ಗು ಚಿವುಟಿ, ಹೊಸ ಮರಳಿನಲ್ಲಿ ನೆಡಿ. ಹಳೆಯ ಮಣ್ಣನ್ನು ಇನ್ನೊಂದು ನಿತ್ಯಪುಷ್ಪಕ್ಕೆ ಬಳಸಬೇಡಿ.

ಔಷಧಿ ಹೊಡೆಯುವವರಿಗೆ ಒಂದು ಮಾತು. ಬೇರುಕೊಳೆ ಅಂದ ಕೂಡಲೇ ಕೈ ಹೋಗುವುದು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಕಡೆಗೆ. ಪಿಥಿಯಂ, ಫೈಟಾಫ್ತೊರಾ ಎರಡಕ್ಕೂ ಅದು ನಾಟುವುದಿಲ್ಲ. ಇವು ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರಗಳಲ್ಲ, ಬೇರೆಯೇ ಗುಂಪಿನವು. ಮೆಟಲಾಕ್ಸಿಲ್ ಅಥವಾ ಫೊಸೆಟೈಲ್ ಅಲ್ಯೂಮಿನಿಯಂ ಇರುವಂಥದ್ದು ಬೇಕು, ಅದೂ ರೋಗ ಹರಡುವ ಮುಂಚೆ, ಲೇಬಲ್ಲಿನಲ್ಲಿ ಬರೆದ ಪ್ರಮಾಣದಲ್ಲಿ. ಒಣ ಬುಡದಷ್ಟು ಒಳ್ಳೆಯ ಔಷಧಿ ಅವು ಯಾವುವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಮಳೆ ಜಾಸ್ತಿ ಇರುವ ಕಡೆ ಪ್ರತಿ ವರ್ಷ ಇದೇ ಗೋಳಾದರೆ ತಳಿ ಬದಲಿಸಿ ನೋಡಬಹುದು. ಕೋರಾ ಎಂಬ ಹೈಬ್ರಿಡ್ ಸರಣಿಯನ್ನು ಕೊಂಬೆಗೆ ಬರುವ ಈ ಫೈಟಾಫ್ತೊರಾ ತಡೆದುಕೊಳ್ಳಲಿ ಎಂದೇ ಬೆಳೆಸಿದ್ದಾರೆ.

ತೊಂದರೆ: ಎಲೆ ಹಳದಿಯಾಗಿದೆ

ಯಾವ ಎಲೆ ಎಂಬುದೇ ಇಲ್ಲಿ ಮುಖ್ಯ. ಬುಡದ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿ ಉದುರುತ್ತಿದ್ದು, ಮೇಲಿನ ಚಿಗುರು ಹಸಿರಾಗಿದ್ದರೆ ಸಾರಜನಕ ಕಡಿಮೆಯಾಗಿದೆ ಅಥವಾ ಎಲೆಗೆ ವಯಸ್ಸಾಗಿದೆ. ಸ್ವಲ್ಪ ಗೊಬ್ಬರ ಸಾಕು.

ಇದಕ್ಕೆ ತಿರುಗಾಮುರುಗಾ ಆಗಿ ಹೊಸ ಚಿಗುರೇ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಾಣುತ್ತಿದ್ದರೆ ಕಬ್ಬಿಣದ ಕೊರತೆ. ಹಾಗಂತ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದುಕೊಳ್ಳಬೇಡಿ. ಇರುತ್ತದೆ, ಆದರೆ ಗಿಡದ ಬಾಯಿಗೆ ಬರುವ ರೂಪದಲ್ಲಿ ಇರುವುದಿಲ್ಲ. ಕುಂಡದಲ್ಲಿ ಬೆಳೆಸುವಾಗ ನಿತ್ಯಪುಷ್ಪಕ್ಕೆ ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ) 5.5ರಿಂದ 6ರ ಸುತ್ತಮುತ್ತ ಇದ್ದರೆ ಹಿತ. ಅದು 6.5 ದಾಟಿ ಮೇಲೆ ಹೋದಷ್ಟೂ ಕಬ್ಬಿಣ ಕರಗದೆ ಕುಳಿತುಬಿಡುತ್ತದೆ. ಕೊಳವೆಬಾವಿಯ ಗಡಸು ನೀರು ತಿಂಗಳಾನುಗಟ್ಟಲೆ ಹಾಕಿದರೆ ಕುಂಡದ ಮಣ್ಣಿನ ಪಿಎಚ್ ತಾನಾಗಿ ಏರುತ್ತದೆ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿಕೊಂಡಿದ್ದರೆ ಅದೇ ಸುಳಿವು. ಬೂದಿ, ಸುಣ್ಣ, ಮೊಟ್ಟೆಚಿಪ್ಪು ಏನನ್ನೂ ಹಾಕಬೇಡಿ. ಸಾಧ್ಯವಾದಾಗ ಮಳೆ ನೀರು ಕೊಡಿ. ತಕ್ಷಣಕ್ಕೆ ಚಿಲೇಟ್ ರೂಪದ ಕಬ್ಬಿಣ, ಅಂದರೆ ಕರಗಿಯೇ ಇರುವಂತೆ ಇನ್ನೊಂದು ವಸ್ತು ಹಿಡಿದಿಟ್ಟುಕೊಂಡ ಕಬ್ಬಿಣ ಕೊಡಬಹುದು. ಇಡಿಟಿಎ ಬಗೆಯದ್ದು ಸುಣ್ಣದ ಮಣ್ಣಿನಲ್ಲಿ ಹಿಡಿತ ಬಿಡುತ್ತದೆ, ಅಂಥಲ್ಲಿ ಇಡಿಡಿಎಚ್‌ಎ ಬಗೆಯದ್ದೇ ಬೇಕು. ಹಳದಿಯಾದ ಎಲೆ ಮತ್ತೆ ಹಸಿರಾಯಿತೇ ಎಂದು ಕಾಯುತ್ತಾ ಕೂರಬೇಡಿ, ಹೊಸ ಚಿಗುರು ಹೇಗೆ ಬರುತ್ತಿದೆ ಎಂದು ನೋಡಿ.

ಇಡೀ ಗಿಡ ಪೇಲವವಾಗಿ, ಬೆಳವಣಿಗೆ ನಿಂತುಹೋಗಿದೆ, ರಾತ್ರಿ ಚಳಿ ಇದೆ ಎಂದಾದರೆ ಕಾರಣ ಚಳಿಯೇ. ಸುಮಾರು 18 ಡಿಗ್ರಿಗಿಂತ ಕೆಳಗಿಳಿದರೆ ಬೇರು ಸೋಮಾರಿಯಾಗುತ್ತದೆ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ನೀರು ಕಡಿಮೆ ಮಾಡಿ, ಬಿಸಿಲು ಬೀಳುವ ಜಾಗಕ್ಕೆ ಸರಿಸಿ, ಕಾಯಿರಿ. ಹಿಮ ಬಿದ್ದರೆ ಗಿಡ ಉಳಿಯುವುದಿಲ್ಲ.

ತೊಂದರೆ: ಹೂವು ಹಸಿರಾಗಿದೆ

ಇದನ್ನು ಮೊದಲ ಸಲ ನೋಡಿದವರು ಹೊಸ ತಳಿ ಸಿಕ್ಕಿತು ಅಂತ ಖುಷಿಪಡುವುದುಂಟು. ಮೊದಲು ಎಸಳುಗಳು ಚಿಕ್ಕದಾಗಿ, ಬಣ್ಣ ಮಾಸುತ್ತವೆ. ಮುಂದಿನ ಹೂಗಳಲ್ಲಿ ಎಸಳಿನ ಅಂಚಿಗೆ ಹಸಿರು ಹತ್ತುತ್ತದೆ. ಆಮೇಲೆ ಬರುವುದನ್ನು ಹೂ ಎನ್ನುವಂತೆಯೇ ಇರುವುದಿಲ್ಲ. ಎಸಳು ಇರಬೇಕಾದ ಕಡೆ ಐದು ಪುಟ್ಟ ಎಲೆ, ಅದರ ನಡುವಿನಿಂದ ಮತ್ತೊಂದು ಚಿಗುರು. ಗೆಣ್ಣುಗಳು ಹತ್ತಿರವಾಗಿ, ಎಲೆಗಳು ಕಿರಿದಾಗಿ, ಸಣ್ಣ ಸಣ್ಣ ಕವಲುಗಳು ಒತ್ತೊತ್ತಾಗಿ ಎದ್ದು, ಕೊಂಬೆಯ ತುದಿ ಪೊರಕೆಯಂತಾಗುತ್ತದೆ.

ಇದಕ್ಕೆ ಕಾರಣ ಫೈಟೊಪ್ಲಾಸ್ಮಾ. ಕೋಶಭಿತ್ತಿಯೇ ಇಲ್ಲದ ಬ್ಯಾಕ್ಟೀರಿಯಾ. ಗಿಡದ ಆಹಾರ ಹರಿಯುವ ನಾಳದೊಳಗೆ ಬದುಕುತ್ತದೆ. ಇಂಥ ಕಾಯಿಲೆಗಳನ್ನೆಲ್ಲ ಬಹುಕಾಲ ವೈರಸ್ ಎಂದೇ ನಂಬಿದ್ದರು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಬೇರೆಯೇ ಜೀವಿ ಎಂದು ತೋರಿಸಿದರು. ನಿತ್ಯಪುಷ್ಪಕ್ಕೆ ಇದು ಎಷ್ಟು ಸುಲಭವಾಗಿ ಹತ್ತುತ್ತದೆ ಎಂದರೆ, ಬೇರೆ ಬೆಳೆಗಳ ಫೈಟೊಪ್ಲಾಸ್ಮಾಗಳನ್ನು ಪ್ರಯೋಗಾಲಯದಲ್ಲಿ ಸಾಕಿಟ್ಟುಕೊಳ್ಳುವುದೇ ಈ ಗಿಡದಲ್ಲಿ.

ಮುಟ್ಟಿದರೆ ಹರಡುವುದಿಲ್ಲ, ನೀರಿನಿಂದಲೂ ಇಲ್ಲ. ಹರಡುವುದು ಮುಖ್ಯವಾಗಿ ಜಿಗಿಹುಳು. ರೋಗದ ಗಿಡದ ರಸ ಹೀರಿ, ಕೆಲವು ವಾರಗಳ ನಂತರ ಪಕ್ಕದ ಗಿಡಕ್ಕೆ ಕೊಂಡೊಯ್ಯುತ್ತದೆ. ರೋಗದ ಗಿಡದಿಂದ ತೆಗೆದ ಕಡ್ಡಿಯಲ್ಲೂ ರೋಗ ಇರುತ್ತದೆ, ಎಷ್ಟೇ ಹಸಿರಾಗಿ ಕಂಡರೂ. ಹಸಿರಾದ ಕೊಂಬೆಯನ್ನಷ್ಟೇ ಕತ್ತರಿಸಿದರೆ ಸಾಲದು, ಅಷ್ಟರಲ್ಲಿ ಅದು ಗಿಡದ ಉದ್ದಕ್ಕೂ ಹರಡಿರುತ್ತದೆ. ಟೆಟ್ರಾಸೈಕ್ಲಿನ್ ಕೊಟ್ಟರೆ ಲಕ್ಷಣ ತಾತ್ಕಾಲಿಕವಾಗಿ ಅಡಗುತ್ತದೆ ನಿಜ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಮನುಷ್ಯರ ಔಷಧಿಯನ್ನು ಕುಂಡಕ್ಕೆ ಸುರಿಯುವುದರಲ್ಲಿ ಅರ್ಥವೂ ಇಲ್ಲ.

ಕಿತ್ತು ಹಾಕುವುದೊಂದೇ ದಾರಿ. ಕೀಳುವ ಮೊದಲು ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಾಯಿ ಕಟ್ಟಿ, ಆಮೇಲೆ ಕೀಳಿ. ಇಲ್ಲದಿದ್ದರೆ ಅಲ್ಲಾಡಿಸಿದ ಕೂಡಲೇ ಜಿಗಿಹುಳುಗಳು ಹಾರಿ ಪಕ್ಕದ ಗಿಡಕ್ಕೆ ಹೋಗಿ ಕೂರುತ್ತವೆ. ಗಿಡ ಸತ್ತರೆ ರೋಗವೂ ಸಾಯುತ್ತದೆ. ಮಣ್ಣಿನಲ್ಲಿ ಅದು ಬದುಕುವುದಿಲ್ಲ, ಹಾಗಾಗಿ ಇಲ್ಲಿ ಕುಂಡದ ಮಣ್ಣನ್ನು ಎಸೆಯಬೇಕಿಲ್ಲ.

ತೊಂದರೆ: ಬೀಜ ಮೊಳೆಯುತ್ತಿಲ್ಲ

ಬೀಜ ಸಾಸಿವೆಗಿಂತ ಚಿಕ್ಕದು, ಕಪ್ಪು, ಒಂದು ಪಕ್ಕದಲ್ಲಿ ಗೀರು. ಇಷ್ಟು ಸಣ್ಣ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಬೆಳಕಿಗೆ ಬಿಡುವುದು ರೂಢಿ. ನಿತ್ಯಪುಷ್ಪದ ಮಟ್ಟಿಗೆ ಅದೇ ತಪ್ಪು. ಇದಕ್ಕೆ ಕತ್ತಲೆ ಬೇಕು. ತೆಳ್ಳಗೆ ಮರಳು ಮುಚ್ಚಿ, ತಟ್ಟೆಯನ್ನು ಗೋಣಿಚೀಲದಿಂದಲೋ ರಟ್ಟಿನಿಂದಲೋ ಮುಚ್ಚಿಡಿ. 25 ಡಿಗ್ರಿ ಆಸುಪಾಸಿನ ಬಿಸಿ ಇದ್ದರೆ ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಮೊಳಕೆ ಕಂಡ ಕೂಡಲೇ ಮುಚ್ಚಳ ತೆಗೆಯಲೇಬೇಕು, ಇಲ್ಲದಿದ್ದರೆ ಸಸಿ ಬಿಳಿಚಿಕೊಂಡು ಉದ್ದಕ್ಕೆ ಎಳೆದುಕೊಳ್ಳುತ್ತದೆ.

ಬೀಜ ಕೂಡಿಡುವಾಗಲೂ ಒಂದು ಚಿಕ್ಕ ವಿಷಯ ಇದೆ. ಕಾಯಿಗಳು ಜೋಡಿಯಾಗಿ, ಎರಡು ಸಣ್ಣ ಕೊಂಬಿನ ಹಾಗೆ, ಎಲೆಯ ಬುಡದಲ್ಲಿ ನಿಂತಿರುತ್ತವೆ. ಪೂರ್ತಿ ಹಸಿರಿದ್ದಾಗ ಕಿತ್ತರೆ ಬೀಜ ಬಲಿತಿರುವುದಿಲ್ಲ. ಕಂದಾಗುವವರೆಗೆ ಕಾದರೆ ಕಾಯಿ ಒಂದು ಪಕ್ಕ ಬಿರಿದು ಬೀಜ ನೆಲದ ಪಾಲು, ಉಳಿದದ್ದು ಇರುವೆಗಳ ಪಾಲು. ಹಸಿರು ಹಳದಿಗೆ ತಿರುಗುವ ಹೊತ್ತಿಗೆ ಕೀಳಿ. ಬೀಜವನ್ನು ಬಹಳ ಕಾಲ ಇಟ್ಟುಕೊಳ್ಳಬೇಡಿ, ಮೊಳೆಯುವ ಶಕ್ತಿ ಕುಗ್ಗುತ್ತದೆ. ಹೈಬ್ರಿಡ್ ಗಿಡದ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆ ಎಂಬ ಭರವಸೆ ಇಲ್ಲ.

ಮೊಳೆತ ಸಸಿ ಬುಡ ಸೊಪ್ಪಾಗಿ ಅಡ್ಡ ಬೀಳುತ್ತಿದ್ದರೆ ಅದೂ ಹಳೆಯ ಶತ್ರುವೇ, ಪಿಥಿಯಂ ಇತ್ಯಾದಿ. ನೀರು ಕಡಿಮೆ ಮಾಡಿ, ಗಾಳಿಯಾಡಲು ಬಿಡಿ.

ತೊಂದರೆ: ಹೂವೇ ಇಲ್ಲ, ಅಥವಾ ಎಲೆಯೇ ಇಲ್ಲ

ಹೂ ಬಿಡದಿದ್ದರೆ ಎರಡೇ ಪ್ರಶ್ನೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುತ್ತಿದೆಯೇ? ಸಾರಜನಕದ ಗೊಬ್ಬರ ಜಾಸ್ತಿಯಾಗಿದೆಯೇ? ಬುಡದಲ್ಲಿ ಬರೀ ಮರವಾಗಿ ತುದಿಯಲ್ಲಷ್ಟೇ ಎಲೆ ಇರುವ ಹಳೆಯ ಗಿಡವಾದರೆ ಅರ್ಧಕ್ಕೆ ಕತ್ತರಿಸಿ, ಹೊಸ ಕವಲು ಬರುತ್ತದೆ.

ರಾತ್ರೋರಾತ್ರಿ ಎಲೆ ಮಾಯವಾದರೆ ನೆಲ ನೋಡಿ. ಮೆಣಸಿನ ಕಾಳಿನ ಗಾತ್ರದ, ಗೀರುಗೀರಾದ ಹಿಕ್ಕೆ ಬಿದ್ದಿದ್ದರೆ ಕಣಗಿಲೆ ಪತಂಗದ ಮರಿಹುಳು ಮೇಲೆಲ್ಲೋ ಇದೆ. ದನಕರುಗಳೂ ಮೂಸಿ ಬಿಡುವ ಈ ಕಹಿ ಗಿಡವನ್ನು ಅದು ಸಲೀಸಾಗಿ ತಿನ್ನುತ್ತದೆ. ಬೆರಳಿಗಿಂತ ದಪ್ಪ, ಎಲೆಯದ್ದೇ ಹಸಿರು, ಬಾಲದಲ್ಲಿ ಒಂದು ಕೊಂಬು. ಕೆಣಕಿದರೆ ತಲೆ ಬಗ್ಗಿಸಿ, ಬೆನ್ನ ಮೇಲಿನ ಎರಡು ನೀಲಿ ಕಣ್ಣುಗಳನ್ನು ತೋರಿಸಿ ಹೆದರಿಸುತ್ತದೆ. ಅವು ನಿಜವಾದ ಕಣ್ಣಲ್ಲ, ಬರೀ ಬಣ್ಣದ ಮಚ್ಚೆ. ಕಚ್ಚುವುದಿಲ್ಲ. ಒಂದೋ ಎರಡೋ ಇರುತ್ತವೆ, ಕೈಯಿಂದಲೇ ತೆಗೆದುಬಿಡಿ. ಹಿಟ್ಟುತಿಗಣೆ, ನುಸಿ ಬಂದರೆ ನೀರಿನ ರಭಸಕ್ಕೆ ಹೋಗುತ್ತವೆ, ಇಲ್ಲವಾದರೆ ಬೇವಿನೆಣ್ಣೆ. ಎಲೆ ಒದ್ದೆ ಮಾಡುವ ಈ ಕೆಲಸವನ್ನು ಬೆಳಗ್ಗೆಯೇ ಮುಗಿಸಿ, ಸಂಜೆ ಬೇಡ.

ತೊಂದರೆ: ಎಲೆ ತಿಂದರೂ ಸಕ್ಕರೆ ಇಳಿಯಲಿಲ್ಲ

ಇದು ಗಿಡದ ದೋಷವಲ್ಲ, ಬಳಕೆಯದ್ದು. ಆದರೂ ಇಲ್ಲೇ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಈ ಗಿಡ ಬೆಳೆಸುವುದೇ ಇದಕ್ಕೆ.

ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುವುದು ಹಲವು ದೇಶಗಳಲ್ಲಿ ಹಳೆಯ ರೂಢಿ. 1950ರ ದಶಕದಲ್ಲಿ ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದ್ದೂ ಆ ಆಸೆಯಿಂದಲೇ. ಇಲಿಗಳಿಗೆ ಬಾಯಲ್ಲಿ ಕೊಟ್ಟರೆ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ಕೊಟ್ಟಾಗ ರಕ್ತದ ಬಿಳಿಕಣಗಳು ಕುಸಿದು, ಇಲಿಗಳು ಸೋಂಕಿನಿಂದ ಸತ್ತವು. ಬಿಳಿಕಣ ಇಳಿಸುತ್ತದೆ ಎಂದಾದರೆ ರಕ್ತದ ಕ್ಯಾನ್ಸರ್‌ಗೆ ಬಳಸಬಹುದಲ್ಲವೇ ಎಂಬ ಯೋಚನೆ ಹುಟ್ಟಿದ್ದು ಆಗ. 1958ರಲ್ಲಿ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬೇರ್ಪಟ್ಟಿತು. ಅತ್ತ ಎಲಿ ಲಿಲ್ಲಿ ಕಂಪನಿಯಲ್ಲೂ ಇದೇ ಗಿಡದ ಮೇಲೆ ಕೆಲಸ ನಡೆದಿತ್ತು. ಈ ಗಿಡದಿಂದಲೇ ಬಂದ ಇನ್ನೊಂದು ಔಷಧಿ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದು ಇವತ್ತಿಗೂ ಇದೆ. ಕೋಶ ಎರಡಾಗುವಾಗ ಒಳಗೆ ಕಟ್ಟಿಕೊಳ್ಳುವ ಸೂಕ್ಷ್ಮ ನಾಳಗಳನ್ನು ಇವು ಕಟ್ಟಗೊಡುವುದಿಲ್ಲ, ಕೋಶ ಅಲ್ಲೇ ನಿಂತುಬಿಡುತ್ತದೆ.

ಇಂಥ ವಸ್ತು ಎಲೆಯಲ್ಲಿ ಇರುವುದು ಅತ್ಯಲ್ಪ. ಒಂದು ಗ್ರಾಂ ತೆಗೆಯಲು ನೂರಾರು ಕಿಲೊ ಒಣ ಎಲೆ ಬೇಕು. ಹಾಗಾಗಿ ಮನೆಯಲ್ಲಿ ಎಲೆ ಜಗಿದು ಕ್ಯಾನ್ಸರ್ ವಾಸಿ ಮಾಡಿಕೊಳ್ಳುವ ಮಾತು ಸುಳ್ಳು. ಅಲ್ಪವಿದ್ದರೆ ಅಪಾಯವಿಲ್ಲ ಎಂಬುದೂ ಸುಳ್ಳೇ. ಗಿಡದಲ್ಲಿ ಇವುಗಳಂತೆ ದೇಹದ ಮೇಲೆ ಪರಿಣಾಮ ಬೀರಬಲ್ಲ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ. ಯಾವ ಎಲೆಯಲ್ಲಿ ಯಾವುದು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಸಕ್ಕರೆಯ ಮಾತ್ರೆ ನುಂಗುವವರು ಜೊತೆಗೆ ಇದನ್ನೂ ತಿಂದರೆ ಸಕ್ಕರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. ಬಸುರಿಯರು ಇದರ ತಂಟೆಗೇ ಹೋಗಬಾರದು.

ಔಷಧಿ ಕಂಪನಿಗಾಗಿ ಹೊಲದಲ್ಲಿ ಬೆಳೆಯುವವರ ಲೆಕ್ಕ ಬೇರೆ. ಅವರು ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ನೆಡುತ್ತಾರೆ. ಆರನೇ ಮತ್ತು ಒಂಬತ್ತನೇ ತಿಂಗಳಲ್ಲಿ ಎಲೆ ಬಿಡಿಸಿ, ವರ್ಷ ತುಂಬಿದಾಗ ಕಾಂಡ ಕೊಯ್ದು ಬೇರು ಅಗೆಯುತ್ತಾರೆ. ಬೇರಿನಲ್ಲಿ ಅಜ್ಮಲಿಸಿನ್ ಎಂಬ ಇನ್ನೊಂದು ಆಲ್ಕಲಾಯ್ಡ್ ಸಿಗುತ್ತದೆ. ಅವರಿಗೂ ಕಾಡುವ ಮೊದಲ ತೊಂದರೆ ಬಸಿಯದ ಹೊಲವೇ. ಎರಡನೆಯದು ಎಲೆಯನ್ನು ನೆರಳಿನಲ್ಲಿ ತೆಳ್ಳಗೆ ಹರಡದೆ ರಾಶಿ ಹಾಕಿ ಬೂಷ್ಟು ಬರಿಸಿಕೊಳ್ಳುವುದು.

ಮಗು ಎಲೆಯನ್ನೋ ಹೂವನ್ನೋ ಜಗಿದು ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ ಸೀದಾ ವೈದ್ಯರ ಹತ್ತಿರ ಕರೆದೊಯ್ಯಿರಿ. ಹೋಗುವಾಗ ಹೂವು ಸಮೇತ ಒಂದು ರೆಂಬೆ ಕಿತ್ತುಕೊಂಡು ಹೋಗಿ. ಗಾಬರಿಯಲ್ಲಿ ಕಾಶಿಕಣಗಿಲೆ ಎಂದು ಬಾಯಲ್ಲಿ ಹೇಳಿದರೆ ಕೇಳಿದವರಿಗೆ ಕಣಗಿಲೆ ಎಂದಷ್ಟೇ ಕೇಳಿಸಬಹುದು. ಕಣಗಿಲೆಯ ವಿಷ ಹೃದಯಕ್ಕೆ ಹೋಗುವಂಥದ್ದು, ಅದಕ್ಕೆ ಮಾಡುವ ಚಿಕಿತ್ಸೆಯೇ ಬೇರೆ.